ಅಡ್ಡಪಟ್ಟಿಯ ಹಿಂದಿನ ಲೆಕ್ಕಪುಸ್ತಕ

ಎತ್ತರ ಜಿಗಿತದಲ್ಲಿ ಗೆದ್ದವರು ಕೂಡ ಸಾಮಾನ್ಯವಾಗಿ ಅಡ್ಡಪಟ್ಟಿ ಬೀಳಿಸಿಯೇ ಮೈದಾನ ಬಿಡುತ್ತಾರೆ. ಓಟಗಾರ ಮೊದಲಿಗನಾಗಿ ಗುರಿ ಮುಟ್ಟಿದರೆ ಅವನ ಕೆಲಸ ಮುಗಿಯಿತು. ಜಿಗಿಯುವವನಿಗೆ ಹಾಗಲ್ಲ. ಎದುರಾಳಿಗಳೆಲ್ಲ ಹೊರಬಿದ್ದ ಮೇಲೂ ಪಟ್ಟಿಯನ್ನು ಏರಿಸಿ, ಸತತವಾಗಿ ಮೂರು ಸಲ ವಿಫಲನಾಗುವವರೆಗೆ ಆತ ಯತ್ನಿಸಬಹುದು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಬಳಿಕ ವಿಶ್ವದಾಖಲೆಗೆಂದು ಪಟ್ಟಿಯನ್ನು 2.29 ಮೀಟರ್‌ಗೆ ಏರಿಸಿಕೊಂಡರು. ಮೂರು ಸಲವೂ ಪಟ್ಟಿ ಬಿತ್ತು. ಜಗತ್ತು ನೆನಪಿಟ್ಟುಕೊಂಡದ್ದು ಅದಕ್ಕೂ ಮುಂಚಿನ ಜಿಗಿತವನ್ನು.

ಈ ಆಟದಲ್ಲಿ ನೆಲ ಬಿಟ್ಟು ಏಳುವ ಮುನ್ನ ಕಾಲು ನೆಲವನ್ನು ಒತ್ತುವುದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿರುತ್ತದೆ. ಗಾಳಿಗೆ ಏರಿದ ಮೇಲೆ ದೇಹದ ದಾರಿಯನ್ನು ಬದಲಿಸಲು ಯಾರಿಂದಲೂ ಆಗದು. ಕೈ, ಕಾಲು, ಸೊಂಟವನ್ನು ಹೊಂದಿಸಿಕೊಂಡು ಪಟ್ಟಿಯನ್ನು ಮುಟ್ಟದಂತೆ ನೋಡಿಕೊಳ್ಳಬಹುದು, ಅಷ್ಟೇ. ಇಷ್ಟು ಚಿಕ್ಕ ಕ್ಷಣಕ್ಕಾಗಿ ವರ್ಷಗಟ್ಟಲೆ ಸಿದ್ಧತೆ ಮಾಡುವುದು ಹೇಗೆ? ಯಾವ ತಿಂಗಳು ಭಾರ ಎತ್ತಬೇಕು, ಯಾವ ವಾರ ಜಿಗಿಯಬೇಕು, ಯಾವ ದಿನ ಸುಮ್ಮನೆ ಮಲಗಬೇಕು? ಕಳೆದ ಶತಮಾನದಲ್ಲಿ ಕೋಚ್‌ಗಳು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಕಥೆ ಆಟದ ದಾಖಲೆಗಳಷ್ಟೇ ರೋಚಕ. ಅದರ ಒಳಗೇ ಇನ್ನೊಂದು ಜಗಳವೂ ಇದೆ: ಯೋಜನೆಗೆ ದೇಹವನ್ನು ಹೊಂದಿಸಬೇಕೋ, ದೇಹಕ್ಕೆ ಯೋಜನೆಯನ್ನು ಹೊಂದಿಸಬೇಕೋ?

ಆರಂಭದ ದಿನಗಳಲ್ಲಿ ಯೋಜನೆ ಎಂಬುದೇ ಇರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತ ಗೆದ್ದ ಅಮೆರಿಕದ ಎಲರಿ ಕ್ಲಾರ್ಕ್ ಉದ್ದ ಜಿಗಿತವನ್ನೂ ಗೆದ್ದರು. ಎರಡಕ್ಕೂ ಬೇರೆ ಬೇರೆ ತರಬೇತಿ ಬೇಕೆಂದು ಆಗ ಹೆಚ್ಚಿನವರಿಗೆ ಅನ್ನಿಸಿರಲಿಲ್ಲ. ಅವರು ದಾಟಿದ್ದು 1.81 ಮೀಟರ್. ಆಗಿನ ಜಿಗಿತ ನಮ್ಮ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಹಗ್ಗ ದಾಟುವ ಹಾಗೆಯೇ: ಪಕ್ಕದಿಂದ ಓಡಿಬಂದು ಒಂದು ಕಾಲನ್ನು ಎತ್ತಿ ಹಾಕಿ, ಅದರ ಹಿಂದೆಯೇ ಇನ್ನೊಂದನ್ನು ಎಳೆದುಕೊಳ್ಳುವುದು. ಕತ್ತರಿಯಂತೆ ಕಾಲುಗಳು ಆಡುವುದರಿಂದ ಇದಕ್ಕೆ ಸಿಸರ್ಸ್ ಎಂಬ ಹೆಸರು. 1912ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಹೊರೈನ್ ಪಟ್ಟಿಗೆ ಹತ್ತಿರವಿರುವ ಕಾಲಿನಿಂದ ಚಿಮ್ಮಿ, ಮಗ್ಗುಲಾಗಿ ಹೊರಳುತ್ತ 2 ಮೀಟರ್ ಮುಟ್ಟಿದರು. ಮನೆಯ ಹಿತ್ತಲಿನಲ್ಲಿ ಅಭ್ಯಾಸಕ್ಕೆ ಸರಿಯಾದ ಜಾಗವಿಲ್ಲದೆ ತಪ್ಪು ದಿಕ್ಕಿನಿಂದ ಓಡಿಬರಬೇಕಾದ್ದರಿಂದಲೇ ಈ ಶೈಲಿ ಹುಟ್ಟಿತೆಂಬ ಕಥೆ ಪ್ರಸಿದ್ಧವಾಗಿದೆ. ಅದಕ್ಕೆ ವೆಸ್ಟರ್ನ್ ರೋಲ್ ಎಂದು ಹೆಸರಾಯಿತು.

ಆ ಕಾಲದ ನಿಯಮಗಳೂ ಕೋಚ್‌ಗಳ ಕೈ ಕಟ್ಟಿದ್ದವು. ಪಟ್ಟಿ ದಾಟುವಾಗ ತಲೆ ಮುಂದಾಗುವಂತಿರಲಿಲ್ಲ. ಹಾಗೆ ಮಾಡಿದರೆ ಅದು ಜಿಗಿತವಲ್ಲ, ಧುಮುಕು ಎಂಬ ತೀರ್ಪು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಬ್ ಡಿಡ್ರಿಕ್ಸನ್ ತಮ್ಮ ದೇಶದವರೇ ಆದ ಜೀನ್ ಶೈಲಿ ಅವರಷ್ಟೇ ಎತ್ತರ ಜಿಗಿದರೂ ಬೆಳ್ಳಿಗೆ ತೃಪ್ತಿಪಡಬೇಕಾದದ್ದು ಈ ಕಾರಣಕ್ಕೆ. ನಿಯಮ ಸಡಿಲವಾದ ಮೇಲೆ ಹೊಟ್ಟೆಯನ್ನು ಪಟ್ಟಿಯ ಕಡೆಗೆ ಮಾಡಿ, ಕುದುರೆಯ ಬೆನ್ನ ಮೇಲೆ ಕವುಚಿ ಬಿದ್ದಂತೆ ದಾಟುವ ಸ್ಟ್ರ್ಯಾಡಲ್ ಶೈಲಿ ಬೆಳೆಯಿತು. 1956ರಲ್ಲಿ ಅಮೆರಿಕದ ಚಾರ್ಲ್ಸ್ ಡ್ಯೂಮಾಸ್ 2.15 ಮೀಟರ್ ದಾಟಿ ಏಳು ಅಡಿಯ ಗಡಿಯನ್ನು ಮುರಿದರು. ಶೈಲಿಗಳು ಬದಲಾಗುತ್ತಿದ್ದವು, ಆದರೆ ತರಬೇತಿ ಹೆಚ್ಚು ಬದಲಾಗಿರಲಿಲ್ಲ. ಚೆನ್ನಾಗಿ ಜಿಗಿಯಬೇಕಾದರೆ ಹೆಚ್ಚು ಹೆಚ್ಚು ಜಿಗಿಯಬೇಕು ಎಂಬುದೇ ಬಹುಪಾಲು ಕೋಚ್‌ಗಳ ನಂಬಿಕೆ. ಭಾರ ಎತ್ತಿದರೆ ಸ್ನಾಯುಗಳು ಗಟ್ಟಿಕಟ್ಟಿ ಚುರುಕು ಹೋಗುತ್ತದೆಂಬ ಹೆದರಿಕೆ ಬೇರೆ.

ಇದನ್ನು ಬದಲಿಸಿದ್ದು ಶೀತಲ ಸಮರದ ಪೈಪೋಟಿ. ಸೋವಿಯತ್ ಒಕ್ಕೂಟ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು 1952ರಲ್ಲಿ. ಅಮೆರಿಕದವರ ಸ್ವಂತ ಸೊತ್ತೆಂಬಂತಿದ್ದ ಎತ್ತರ ಜಿಗಿತದ ಮೇಲೆ ಅದರ ಕಣ್ಣು ಬಿತ್ತು. 1957ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಯೂರಿ ಸ್ಟೆಪಾನೊವ್ 2.16 ಮೀಟರ್ ಜಿಗಿದು ವಿಶ್ವದಾಖಲೆಯನ್ನು ಕಸಿದುಕೊಂಡಾಗ ಅವರ ಬೂಟಿನ ದಪ್ಪ ಅಟ್ಟೆಯ ಬಗ್ಗೆ ದೊಡ್ಡ ಗುಲ್ಲೆದ್ದಿತು. ದಾಖಲೆ ಉಳಿಯಿತು, ಆದರೆ ಅಟ್ಟೆಯ ದಪ್ಪಕ್ಕೆ ಮಿತಿ ಬಂತು. 1960ರ ರೋಮ್ ಒಲಿಂಪಿಕ್ಸ್ ವೇಳೆಗೆ 2.22 ಮೀಟರ್ ದಾಖಲೆ ಅಮೆರಿಕದ ಜಾನ್ ಥಾಮಸ್ ಅವರ ಹೆಸರಿನಲ್ಲಿತ್ತು. ಚಿನ್ನ ಅವರಿಗೇ ಎಂದು ಎಲ್ಲರೂ ನಂಬಿದ್ದರು. ನಡೆದದ್ದೇ ಬೇರೆ. ಜಾರ್ಜಿಯದ ರಾಬರ್ಟ್ ಶಾವ್ಲಕಾಡ್ಜೆ 2.16 ಮೀಟರ್ ಜಿಗಿದು ಗೆದ್ದರು. ಅಷ್ಟೇ ಎತ್ತರ ದಾಟಿ ಎರಡನೆಯವರಾದದ್ದು 18 ವರ್ಷದ ವಲೇರಿ ಬ್ರೂಮೆಲ್. ಥಾಮಸ್ ಮೂರನೆಯವರು, ನಾಲ್ಕನೆಯವರೂ ಸೋವಿಯತ್‌ನವರೇ.

ಬ್ರೂಮೆಲ್ ಅವರ ಹಿಂದಿದ್ದವರು ವ್ಲಾದಿಮಿರ್ ದ್ಯಾಚ್ಕೊವ್. ತಾವೇ ಹಿಂದೆ ಜಿಗಿತಗಾರರಾಗಿದ್ದ ಇವರು ಕೋಚ್ ಆಗಿದ್ದಷ್ಟೇ ಸಂಶೋಧಕರೂ ಆಗಿದ್ದರು. ಜಿಗಿತವನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಒಂದೊಂದು ಚೌಕಟ್ಟನ್ನೂ ಬಿಡಿಸಿಟ್ಟು ನೋಡುವುದು ಸೋವಿಯತ್ ಕೋಚ್‌ಗಳ ಪದ್ಧತಿಯಾಗಿತ್ತು. ಅದುವರೆಗೆ ಜಿಗಿತಗಾರರು ನಿಧಾನವಾಗಿ ಓಡಿಬಂದು ಪಟ್ಟಿಯ ಬಳಿ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಮೇಲಕ್ಕೆ ಹಾರುತ್ತಿದ್ದರು. ದ್ಯಾಚ್ಕೊವ್ ಪಂಥದ ಲೆಕ್ಕ ಬೇರೆ. ಓಟದ ವೇಗವೇ ಬಂಡವಾಳ. ಕೊನೆಯ ಮೂರು ಹೆಜ್ಜೆಗಳಲ್ಲಿ ಆ ವೇಗವನ್ನು ಕಳೆದುಕೊಳ್ಳದೆ ಮೇಲ್ಮುಖವಾಗಿ ತಿರುಗಿಸುವುದೇ ಜಾಣತನ. ಆದರೆ ವೇಗವಾಗಿ ಬರುವ ದೇಹವನ್ನು ಒಂದೇ ಕಾಲು ತಡೆದು ಮೇಲಕ್ಕೆ ಎಸೆಯಬೇಕು. ಆ ಹೊತ್ತಿನಲ್ಲಿ ಕಾಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ಅದನ್ನು ತಾಳುವ ಕಾಲು ಬರೀ ಜಿಗಿಯುವುದರಿಂದ ಬರುವುದಿಲ್ಲ. ಹಾಗಾಗಿ ಬ್ರೂಮೆಲ್ ಹೆಗಲ ಮೇಲೆ ಕಬ್ಬಿಣ ಹೊತ್ತು ಬೈಠಕ್ ಹೊಡೆದರು, ಓಟದ ತರಬೇತಿ ಪಡೆದರು, ತಡೆಗಳ ಮೇಲೆ ಕುಪ್ಪಳಿಸಿದರು. ಬ್ಯಾಸ್ಕೆಟ್‌ಬಾಲ್ ರಿಂಗಿನ ಎತ್ತರಕ್ಕೆ ಅವರು ಕಾಲು ಚಾಚುವ ಚಿತ್ರ ಆ ದಿನಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು.

ಫಲ ಕಣ್ಣೆದುರಿಗೇ ಇತ್ತು. 1961ರ ಜೂನ್, ಜುಲೈ ಮತ್ತು ಆಗಸ್ಟ್‌ನಲ್ಲಿ ಕ್ರಮವಾಗಿ 2.23, 2.24 ಮತ್ತು 2.25 ಮೀಟರ್. 1962ರಲ್ಲಿ 2.26 ಮತ್ತು 2.27. 1963ರ ಜುಲೈನಲ್ಲಿ ಮಾಸ್ಕೊದಲ್ಲಿ 2.28. ಆರು ವಿಶ್ವದಾಖಲೆ, ಪ್ರತಿಯೊಂದೂ ಹಿಂದಿನದಕ್ಕಿಂತ ಸರಿಯಾಗಿ ಒಂದು ಸೆಂಟಿಮೀಟರ್ ಹೆಚ್ಚು. ಇವುಗಳಲ್ಲಿ ಮೂರು ಬಂದದ್ದು ಅಮೆರಿಕ ಮತ್ತು ಸೋವಿಯತ್ ನಡುವಣ ನೇರ ಪಂದ್ಯಗಳಲ್ಲಿ. ಬೇಕಾದ ದಿನಕ್ಕೆ ಬೇಕಾದ ಜಿಗಿತ ಸಿದ್ಧವಾಗುತ್ತಿತ್ತು ಎಂಬುದೇ ನೋಡುವವರಿಗೆ ಅಚ್ಚರಿ.

ಈ ಅಚ್ಚರಿಯ ಹಿಂದಿನ ಆಲೋಚನೆಗೆ ಶಾಸ್ತ್ರದ ರೂಪ ಕೊಟ್ಟವರು ಅದೇ ದೇಶದ ಲೆವ್ ಮತ್ವೆಯೆವ್. 1960ರ ದಶಕದ ಮಧ್ಯದಲ್ಲಿ ಅವರು ತರಬೇತಿಯ ವರ್ಷವನ್ನು ಮೂರು ಅವಧಿಗಳಾಗಿ ವಿಂಗಡಿಸುವ ಸಿದ್ಧಾಂತವನ್ನು ಮಂಡಿಸಿದರು: ಸಿದ್ಧತೆ, ಸ್ಪರ್ಧೆ, ವಿರಾಮ. ಬೇಸಾಯ ಬಲ್ಲವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಉಳುವ ಕಾಲದಲ್ಲಿ ಉಳಬೇಕು, ಕುಯ್ಲಿನ ಕಾಲದಲ್ಲಿ ಕುಯ್ಯಬೇಕು, ನಡುವೆ ನೆಲವನ್ನು ಬೀಳು ಬಿಡಬೇಕು. ಸಿದ್ಧತೆಯ ತಿಂಗಳುಗಳಲ್ಲಿ ಕೆಲಸದ ಪ್ರಮಾಣ ಹೆಚ್ಚು, ತೀವ್ರತೆ ಕಡಿಮೆ: ದೂರದ ಓಟ, ಭಾರ, ಸಾವಿರಾರು ಕುಪ್ಪಳಿಕೆ. ಸ್ಪರ್ಧೆ ಹತ್ತಿರವಾದಂತೆ ಪ್ರಮಾಣ ಇಳಿಯುತ್ತದೆ, ತೀವ್ರತೆ ಏರುತ್ತದೆ. ಭಾರ ಎತ್ತುವುದು ಕಡಿಮೆಯಾಗಿ, ಎತ್ತಿದ್ದನ್ನು ಚಕ್ಕನೆ ಎತ್ತುವುದು ಮುಖ್ಯವಾಗುತ್ತದೆ. ಪೂರ್ಣ ಓಟದ ಜಿಗಿತಗಳು ಈಗ ಮಾತ್ರ ಬರುತ್ತವೆ, ಅವೂ ಎಣಿಸಿಟ್ಟ ಹಾಗೆ.

ಜನಸಾಮಾನ್ಯರಿಗೆ ತುಸು ವಿಚಿತ್ರ ಅನ್ನಿಸುವುದು ಇಲ್ಲಿಯೇ. ಉನ್ನತ ಮಟ್ಟದ ಜಿಗಿತಗಾರರು ದಿನಾಲೂ ಜಿಗಿಯುವುದಿಲ್ಲ. ಪೂರ್ಣ ವೇಗದಲ್ಲಿ ಓಡಿಬಂದು ಪಟ್ಟಿ ದಾಟುವ ಅಭ್ಯಾಸ ವಾರಕ್ಕೆ ಒಂದೋ ಎರಡೋ ಸಲ. ಉಳಿದ ದಿನಗಳಲ್ಲಿ ಓಟ, ಭಾರ, ತಡೆಗಳ ಮೇಲಿನ ಕುಪ್ಪಳಿಕೆ, ನಾಲ್ಕಾರು ಹೆಜ್ಜೆಯ ಚಿಕ್ಕ ಓಟದ ಜಿಗಿತ, ಬೆನ್ನು ಬಾಗಿಸುವ ಕಸರತ್ತು. ಕಾರಣ ಸರಳ. ಕಠಿಣ ಅಭ್ಯಾಸದಿಂದ ದೇಹ ಮೊದಲು ಬಳಲುತ್ತದೆ. ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುವಾಗ ಹಿಂದಿಗಿಂತ ತುಸು ಬಲವಾಗುತ್ತದೆ. ಆ ಚೇತರಿಕೆಗೆ ಮುನ್ನವೇ ಮತ್ತೆ ಹೊರೆ ಹೇರಿದರೆ ಏರುವ ಬದಲು ಇಳಿಯುತ್ತದೆ. ಬಹಳ ತಡಮಾಡಿದರೆ ಗಳಿಸಿದ್ದೂ ಕರಗುತ್ತದೆ. ಕೋಚ್‌ನ ನಿಜವಾದ ಕೌಶಲವೆಂದರೆ ಈ ಎರಡರ ನಡುವಣ ಕಿರಿದಾದ ಹೊತ್ತನ್ನು ಊಹಿಸುವುದು. ಅದಕ್ಕಾಗಿಯೇ ಪ್ರತಿದಿನದ ಜಿಗಿತ, ಭಾರ, ನಿದ್ದೆ, ನೋವು ಎಲ್ಲವನ್ನೂ ಬರೆದಿಡುವ ಪುಸ್ತಕ ಕೋಚ್‌ನ ಚೀಲದಲ್ಲಿ ಸೀಟಿ, ಗಡಿಯಾರಗಳ ಜೊತೆಗೆ ಸೇರಿಕೊಂಡಿತು.

ಅದೇ ಸೋವಿಯತ್ ನೆಲದಲ್ಲಿ ಯೂರಿ ವೆರ್ಖೊಶಾನ್‌ಸ್ಕಿ ಇನ್ನೊಂದು ದಾರಿ ಹುಡುಕಿದರು. ಮುಕ್ಕಾಲು ಮೀಟರಿನಷ್ಟು ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಇಳಿದು, ಕಾಲು ನೆಲ ಮುಟ್ಟಿದ ಕೂಡಲೇ ಮತ್ತೆ ಮೇಲಕ್ಕೆ ಚಿಮ್ಮುವುದು. ನೋಡಲು ಮಕ್ಕಳಾಟ. ಆದರೆ ಬೀಳುವ ಪೆಟ್ಟಿನಲ್ಲಿ ಹಿಗ್ಗಿದ ಸ್ನಾಯು ರಬ್ಬರಿನಂತೆ ಮರಳಿ ಕುಗ್ಗುವಾಗ ದೊರೆಯುವ ಶಕ್ತಿ ಬೇರೆ ಯಾವ ಕಸರತ್ತಿನಲ್ಲೂ ಸಿಗದೆಂದು ಅವರು ಕಂಡುಕೊಂಡರು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಇಂಥ ಕಸರತ್ತುಗಳಿಗೆ ಪ್ಲಯೋಮೆಟ್ರಿಕ್ಸ್ ಎಂಬ ಹೆಸರಿಟ್ಟರು. ಆ ಹೆಸರು ನಿಂತಿತು. ವರ್ಷವನ್ನು ತೀರಾ ಅಚ್ಚುಕಟ್ಟಾಗಿ ಕತ್ತರಿಸುವ ಮತ್ವೆಯೆವ್ ಪದ್ಧತಿಯನ್ನು ಮುಂದೆ ಕಟುವಾಗಿ ಟೀಕಿಸಿದವರೂ ಇದೇ ವೆರ್ಖೊಶಾನ್‌ಸ್ಕಿ ಎಂಬುದನ್ನು ಗಮನಿಸಬೇಕು. ಹೊರಗಿನವರು ಸೋವಿಯತ್ ವಿಧಾನ ಎಂದು ಒಂದೇ ಉಸಿರಿನಲ್ಲಿ ಹೇಳುವುದುಂಟು. ಒಳಗೆ ಅಷ್ಟು ಒಮ್ಮತವಿರಲಿಲ್ಲ.

ಬ್ರೂಮೆಲ್ 1964ರ ಟೋಕಿಯೊದಲ್ಲಿ ಚಿನ್ನ ಗೆದ್ದರು. ಆದರೆ ಅದು ಸುಲಭದ ಗೆಲುವಲ್ಲ. ಅವರೂ ಥಾಮಸ್ ಅವರೂ 2.18 ಮೀಟರ್‌ನಲ್ಲೇ ನಿಂತಾಗ ವಿಫಲ ಯತ್ನಗಳ ಎಣಿಕೆಯಿಂದ ತೀರ್ಮಾನವಾಯಿತು. ಮರುವರ್ಷ ಅಕ್ಟೋಬರಿನಲ್ಲಿ ಮಾಸ್ಕೊದಲ್ಲಿ ಮೋಟಾರ್ ಸೈಕಲ್ ಅಪಘಾತ. ಕಾಲು ನುಚ್ಚುನೂರಾಯಿತು. ಹಲವು ಶಸ್ತ್ರಚಿಕಿತ್ಸೆಗಳು ಫಲಿಸದೆ, ಕೊನೆಗೆ ಸೈಬೀರಿಯದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಜರೊವ್ ತಾವೇ ರೂಪಿಸಿದ ಲೋಹದ ಬಳೆಗಳ ಚೌಕಟ್ಟನ್ನು ತೊಡಿಸಿ ಆ ಕಾಲನ್ನು ಉಳಿಸಿದರು. ಇಂದು ನಮ್ಮ ಮೂಳೆ ತಜ್ಞರಿಗೂ ಚಿರಪರಿಚಿತವಾದ ಇಲಿಜರೊವ್ ವಿಧಾನ ಸೋವಿಯತ್ ಒಕ್ಕೂಟದಲ್ಲಿ ಮನೆಮಾತಾಗಲು ಈ ಜಿಗಿತಗಾರನ ಕಾಲೂ ಒಂದು ಕಾರಣ. ಬ್ರೂಮೆಲ್ ಮತ್ತೆ 2 ಮೀಟರಿಗಿಂತ ಎತ್ತರ ಜಿಗಿದರು. 2.28 ಮಾತ್ರ ಮರಳಿ ಬರಲಿಲ್ಲ.

ಇತ್ತ ಅಮೆರಿಕದ ಓರೆಗನ್ ರಾಜ್ಯದ ಮೆಡ್‌ಫರ್ಡ್ ಎಂಬ ಊರಿನಲ್ಲಿ ಯಾವ ಯೋಜನೆಗೂ ಒಗ್ಗದ ಒಬ್ಬ ಹುಡುಗನಿದ್ದ. ಉದ್ದಗಾಲಿನ ಡಿಕ್ ಫಾಸ್ಬರಿಗೆ ಶಾಲೆಯ ಕೋಚ್ ಹೇಳಿಕೊಟ್ಟ ಸ್ಟ್ರ್ಯಾಡಲ್ ಎಷ್ಟು ತಿಣುಕಿದರೂ ಬರಲಿಲ್ಲ. ಬೇಸತ್ತು ಹಳೆಯ ಸಿಸರ್ಸ್‌ಗೆ ಮರಳಿದ. 1963ರಲ್ಲಿ ಗ್ರಾಂಟ್ಸ್ ಪಾಸ್ ಎಂಬಲ್ಲಿ ನಡೆದ ಶಾಲಾ ಕೂಟವೊಂದರಲ್ಲಿ ಪಟ್ಟಿ ಏರಿದಂತೆಲ್ಲ ಸೊಂಟ ತಾಗದಿರಲೆಂದು ಬೆನ್ನನ್ನು ಹಿಂದಕ್ಕೆ ಚೆಲ್ಲತೊಡಗಿದ. ಒಂದೇ ಮಧ್ಯಾಹ್ನದಲ್ಲಿ 5 ಅಡಿ 4 ಅಂಗುಲದಿಂದ 5 ಅಡಿ 10 ಅಂಗುಲಕ್ಕೆ ಏರಿದ. ಬೆನ್ನನ್ನು ಕೆಳಗೆ ಮಾಡಿ, ತಲೆ ಮೊದಲಾಗಿ ಪಟ್ಟಿ ದಾಟುವ ಫ್ಲಾಪ್ ಶೈಲಿಯ ಹುಟ್ಟು ಹೀಗಾಯಿತು. ಮರಳು, ಹೊಟ್ಟಿನ ಗುಂಡಿಗಳ ಬದಲಿಗೆ ಸ್ಪಂಜಿನ ದಪ್ಪ ಹಾಸು ಬಂದಿರದಿದ್ದರೆ ಈ ಶೈಲಿ ಬೆಳೆಯುತ್ತಿರಲಿಲ್ಲ. ಕತ್ತು, ಬೆನ್ನಿನ ಮೇಲೆ ಬೀಳಬೇಕಾದವನಿಗೆ ಮೆತ್ತನೆಯ ಹಾಸು ಬೇಕೇಬೇಕು.

ಫಾಸ್ಬರಿ ಓರೆಗನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿನ ಕೋಚ್ ಬರ್ನಿ ವ್ಯಾಗ್ನರ್ ಮಾಡಿದ ಮೊದಲ ಕೆಲಸ, ಈ ವಿಚಿತ್ರವನ್ನು ಬಿಡಿಸಿ ಸರಿಯಾದ ಜಿಗಿತ ಕಲಿಸಲು ಹೊರಟದ್ದು. ಅವರನ್ನು ಮೂರ್ಖರೆನ್ನುವಂತಿಲ್ಲ. ಬ್ರೂಮೆಲ್ ಅವರ ದಾಖಲೆ ಸ್ಟ್ರ್ಯಾಡಲ್‌ನಲ್ಲೇ ಬಂದಿತ್ತು. ಹೊಣೆಯರಿತ ಯಾವ ಕೋಚ್ ಆದರೂ ಅದನ್ನೇ ಹೇಳುತ್ತಿದ್ದರು. ಅಭ್ಯಾಸದಲ್ಲಿ ಕೋಚ್ ಹೇಳಿದ ಶೈಲಿ, ಸ್ಪರ್ಧೆಯಲ್ಲಿ ತನ್ನದೇ ಶೈಲಿ ಎಂಬ ಒಪ್ಪಂದದಲ್ಲಿ ಕಾಲ ಸಾಗಿತು. ಮರುವರ್ಷ ಹುಡುಗ 6 ಅಡಿ 10 ಅಂಗುಲ ದಾಟಿದಾಗ ವ್ಯಾಗ್ನರ್ ತಮ್ಮ ಯೋಜನೆಯನ್ನು ಕೈಬಿಟ್ಟು, ಆ ಜಿಗಿತದ ಚಿತ್ರ ತೆಗೆದು ಅಧ್ಯಯನ ಮಾಡಲು ಕುಳಿತರು. ಕೋಚಿಂಗ್ ಚರಿತ್ರೆಯಲ್ಲಿ ಈ ಗಳಿಗೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಶಿಷ್ಯನ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ. ತಾನು ಕಲಿತದ್ದನ್ನು ಬದಿಗಿಟ್ಟು ಶಿಷ್ಯನಿಂದ ಕಲಿಯಲು ಕುಳಿತ ಗುರುವಿನದೂ ಸಣ್ಣ ಸಾಹಸವಲ್ಲ. ಎರಡೇ ವರ್ಷಗಳೊಳಗೆ ಮೆಕ್ಸಿಕೊದ ಚಿನ್ನ ಬಂತು.

ಫ್ಲಾಪ್ ಏಕೆ ಮೇಲು? ಬೆನ್ನು ಬಿಲ್ಲಿನಂತೆ ಬಾಗಿದಾಗ ತಲೆಯೂ ಕಾಲುಗಳೂ ಪಟ್ಟಿಗಿಂತ ಕೆಳಗಿರುತ್ತವೆ, ಸೊಂಟ ಮಾತ್ರ ಮೇಲೆ. ಹಾಗಾಗಿ ದೇಹದ ಗುರುತ್ವ ಕೇಂದ್ರ ಪಟ್ಟಿಯ ಕೆಳಗೆ ಸಾಗಿದರೂ ದೇಹ ಪಟ್ಟಿಯ ಮೇಲೆ ಸಾಗಬಲ್ಲದು. ಅದಕ್ಕಿಂತ ಮುಖ್ಯವಾದದ್ದು ಓಟದ ಕೊನೆಯ ನಾಲ್ಕೈದು ಹೆಜ್ಜೆಗಳ ತಿರುವು. ತಿರುವಿನಲ್ಲಿ ಸೈಕಲ್ ಸವಾರ ಒಳಕ್ಕೆ ವಾಲುವಂತೆ ಜಿಗಿತಗಾರನೂ ಪಟ್ಟಿಯಿಂದಾಚೆಗೆ ವಾಲುತ್ತಾನೆ. ಕಾಲು ಊರಿದಾಗ ಆ ವಾಲು ನೆಟ್ಟಗಾಗುತ್ತ ದೇಹವನ್ನು ಮೇಲಕ್ಕೂ ಪಟ್ಟಿಯ ಕಡೆಗೂ ತಿರುಗಿಸುತ್ತದೆ. ಇದರಿಂದ ತರಬೇತಿಯೂ ಬದಲಾಯಿತು. ಸ್ಟ್ರ್ಯಾಡಲ್‌ಗೆ ಬಲವಾದ ತೊಡೆ ಬೇಕಿದ್ದರೆ ಫ್ಲಾಪ್‌ಗೆ ವೇಗ ಮತ್ತು ಲಯ ಬೇಕು. ಮೈದಾನದಲ್ಲಿ ವೃತ್ತ ಎಳೆದು ಅದರ ಮೇಲೆ ಓಡಿಸುವುದು, ಹೆಜ್ಜೆಯ ಗುರುತಿಗೆ ಟೇಪು ಅಂಟಿಸುವುದು, ಅರ್ಧ ಪಾದದಷ್ಟು ಹಿಂದೆ ಮುಂದೆ ಸರಿಸುವುದು ಕೋಚ್‌ಗಳ ದಿನಚರಿಯಾಯಿತು. 1973ರಲ್ಲಿ ಮ್ಯೂನಿಕ್‌ನಲ್ಲಿ ಡ್ವೈಟ್ ಸ್ಟೋನ್ಸ್ 2.30 ಮೀಟರ್ ಜಿಗಿದಾಗ ವಿಶ್ವದಾಖಲೆ ಮೊದಲ ಬಾರಿಗೆ ಫ್ಲಾಪ್ ಪಾಲಾಯಿತು.

ಹಳೆಯ ಶೈಲಿ ಅಷ್ಟಕ್ಕೇ ಸಾಯಲಿಲ್ಲ. ಉಕ್ರೇನಿನ ಜಪೊರೀಷಿಯದ ವ್ಲಾದಿಮಿರ್ ಯಾಷ್ಚೆಂಕೊ 1977ರಲ್ಲಿ, 18 ವರ್ಷದವರಾಗಿದ್ದಾಗ, ಅಮೆರಿಕದ ರಿಚ್ಮಂಡ್‌ನಲ್ಲಿ ಸ್ಟ್ರ್ಯಾಡಲ್‌ನಿಂದಲೇ 2.33 ಮೀಟರ್ ಜಿಗಿದು ಜಗತ್ತನ್ನು ಬೆರಗುಗೊಳಿಸಿದರು. ಮರುವರ್ಷ ಒಳಾಂಗಣದಲ್ಲಿ 2.35, ಹೊರಾಂಗಣದಲ್ಲಿ 2.34. ಅದೇ ಸ್ಟ್ರ್ಯಾಡಲ್‌ನ ಕೊನೆಯ ವಿಶ್ವದಾಖಲೆ. 1979ರಲ್ಲಿ ಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಗಳಾದವು, ಮರಳುವ ಯತ್ನಗಳಾದವು, ಹಳೆಯ ಎತ್ತರ ಬರಲಿಲ್ಲ. 1999ರಲ್ಲಿ, 40ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ಮಂಡಿಯ ಸೋಲಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೂ ಹದಿಹರೆಯದ ಕಾಲಿನಿಂದ ವಯಸ್ಕರ ಎತ್ತರವನ್ನು ವರ್ಷದುದ್ದಕ್ಕೂ ಬಯಸುವ ಯಾವುದೇ ವ್ಯವಸ್ಥೆ ಈ ಹೆಸರಿನ ಮುಂದೆ ಒಂದು ನಿಮಿಷ ನಿಲ್ಲಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಪಶ್ಚಿಮ ಜರ್ಮನಿಯ ಉಲ್ರಿಕ್ ಮೈಫಾರ್ಟ್ ಅವರದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 16 ವರ್ಷದ ಈ ಶಾಲಾ ಬಾಲಕಿ 1.92 ಮೀಟರ್ ಜಿಗಿದು ವಿಶ್ವದಾಖಲೆಯನ್ನು ಸರಿಗಟ್ಟಿ ಚಿನ್ನ ಗೆದ್ದಳು. ಇಡೀ ದೇಶ ಮುಗಿಬಿದ್ದು ಹೊಗಳಿತು. ನಾಲ್ಕು ವರ್ಷದ ಬಳಿಕ ಮಾಂಟ್ರಿಯಲ್‌ನಲ್ಲಿ ಆಕೆಗೆ ಫೈನಲ್ ಕೂಡ ಸಿಗಲಿಲ್ಲ. ಒಂದು ದಿನದ ಪವಾಡವೆಂದು ಜನ ಮರೆತರು. ಮುಂದೆ ಲೆವರ್‌ಕೂಸೆನ್‌ನ ಕೋಚ್ ಗೆರ್ಡ್ ಓಸೆನ್‌ಬರ್ಗ್ ಅವರ ಕೈಕೆಳಗೆ ವರ್ಷದ ಮೇಲೆ ವರ್ಷ ತಾಳ್ಮೆಯಿಂದ ಕಟ್ಟಿದ ಕೆಲಸ ನಡೆಯಿತು. 1982ರಲ್ಲಿ 2.02 ಮೀಟರ್ ವಿಶ್ವದಾಖಲೆ, 1983ರಲ್ಲಿ 2.03, ಮತ್ತು 1984ರ ಲಾಸ್ ಏಂಜಲೀಸ್‌ನಲ್ಲಿ ಮತ್ತೊಮ್ಮೆ ಒಲಿಂಪಿಕ್ ಚಿನ್ನ. ಎರಡು ಚಿನ್ನಗಳ ನಡುವೆ 12 ವರ್ಷ. ಮೊದಲನೆಯದು ಪ್ರತಿಭೆಯ ಚಿನ್ನವಾದರೆ ಎರಡನೆಯದರಲ್ಲಿ ತರಬೇತಿಯ ಪಾಲು ದೊಡ್ಡದು.

ಪ್ರತಿಭೆಯೇ, ತರಬೇತಿಯೇ ಎಂಬ ಹಳೆಯ ವಾದಕ್ಕೆ 2007ರ ಒಸಾಕಾ ವಿಶ್ವ ಚಾಂಪಿಯನ್‌ಷಿಪ್ ಹೊಸ ಮೇವು ಒದಗಿಸಿತು. ಸ್ವೀಡನ್ನಿನ ಸ್ಟೆಫಾನ್ ಹೋಮ್ ಕೇವಲ 1.81 ಮೀಟರ್ ಎತ್ತರದ ಮನುಷ್ಯ. ತಂದೆಯೇ ಕೋಚ್. ಬಾಲ್ಯದಿಂದ ಬೇರೇನನ್ನೂ ಮಾಡದೆ ಜಿಗಿತವನ್ನೇ ಧ್ಯಾನಿಸಿ 2004ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. 2005ರಲ್ಲಿ ಒಳಾಂಗಣದಲ್ಲಿ 2.40 ಮೀಟರ್, ಅಂದರೆ ತಮ್ಮ ತಲೆಗಿಂತ 59 ಸೆಂಟಿಮೀಟರ್ ಮೇಲೆ, ಜಿಗಿದವರು. ಒಸಾಕಾದಲ್ಲಿ ಅವರನ್ನು ಮಣಿಸಿ ಚಿನ್ನ ಗೆದ್ದ ಬಹಾಮಾಸ್‌ನ ಡೊನಾಲ್ಡ್ ಥಾಮಸ್ ಬ್ಯಾಸ್ಕೆಟ್‌ಬಾಲ್ ಬಿಟ್ಟು ಈ ಆಟಕ್ಕೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಯೋಜನೆ ಬರೀ ಭ್ರಮೆ ಎಂದು ಅಂದು ಹಲವರು ನಕ್ಕರು. ಆದರೆ ಅಂದು 2.35 ಜಿಗಿದ ಥಾಮಸ್ ಅವರ ಜೀವನಶ್ರೇಷ್ಠ ಸಾಧನೆ 2.37 ಮೀಟರ್‌ಗೆ ಏರಲು 2016ರವರೆಗೆ ಕಾಯಬೇಕಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಭಾರತದ ಮಾತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದ ಮೇಲೆ ಕೋಚ್‌ಗಳಿಗೆ ಶಾಸ್ತ್ರೀಯ ಶಿಕ್ಷಣ ದೊರೆಯತೊಡಗಿತು. ಆದರೆ ಪುಸ್ತಕದ ಯೋಜನೆ ಹಿಮ ಬೀಳುವ ದೇಶದ್ದು. ಅಲ್ಲಿ ಚಳಿಗಾಲವೆಂದರೆ ಒಳಾಂಗಣ ಸ್ಪರ್ಧೆಯ ಕಾಲ. ನಮ್ಮಲ್ಲಿ ಅದೇ ಹೊರಗಿನ ಅಭ್ಯಾಸಕ್ಕೆ ಹದವಾದ ಹವೆ. ಅಲ್ಲಿನ ಬೇಸಿಗೆ ಸ್ಪರ್ಧೆಯ ಸುಗ್ಗಿ, ನಮ್ಮ ಕರಾವಳಿ ಮಲೆನಾಡುಗಳಲ್ಲಿ ಅದೇ ಹೊತ್ತಿಗೆ ಮೈದಾನ ತುಂಬ ನೀರು. ಶಾಲೆಗಳ ಪಾಡು ಇನ್ನೂ ಬೇರೆ. ಎರಡು ಕಂಬ, ಮರಳಿನ ಗುಂಡಿ, ಕ್ರೀಡಾಕೂಟಕ್ಕೆ ಹದಿನೈದು ದಿನವಿರುವಾಗ ಶುರುವಾಗುವ ಅಭ್ಯಾಸ. ಸ್ಪಂಜಿನ ಹಾಸು ಇಲ್ಲದ ಕಡೆ ಫ್ಲಾಪ್ ಕಲಿಸುವುದು ಮಕ್ಕಳ ಕತ್ತಿಗೆ ಅಪಾಯ. ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಬೆನ್ನು ಬಾಗಿಸಿ ಬೀಳಲು ಕಲಿಯುವವನಿಗೆ ಲಯ ಕೂಡಿಬರುವ ವಯಸ್ಸು ಅರ್ಧ ಕಳೆದಿರುತ್ತದೆ. ಇಂಥ ಸ್ಥಿತಿಯಲ್ಲಿಯೂ ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ಬಾಬಿ ಅಲೋಶಿಯಸ್ ಅವರ ರಾಷ್ಟ್ರೀಯ ದಾಖಲೆಯನ್ನು ಮುರಿದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. 2018ರಲ್ಲಿ 2.29 ಮೀಟರ್ ಜಿಗಿದ ದೆಹಲಿಯ ತೇಜಸ್ವಿನ್ ಶಂಕರ್ ಆಗ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿದ್ದರು.

ದೇಹಕ್ಕೆ ಯೋಜನೆಯನ್ನು ಹೊಂದಿಸುವುದು ಎಂದರೇನು ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಿಗುವ ಉದಾಹರಣೆ ಒಲಿಂಪಿಕ್ಸ್‌ನದಲ್ಲ, ಪ್ಯಾರಾಲಿಂಪಿಕ್ಸ್‌ನದು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಒಂದು ಕಾಲು ಹುಟ್ಟಿನಿಂದ ಊನ. ಮತ್ವೆಯೆವ್ ಅವಧಿಗಳಾಗಲಿ, ಫ್ಲಾಪ್‌ನ ತಿರುವು ಓಟವಾಗಲಿ ಎರಡು ಸಮ ಕಾಲುಗಳನ್ನು ನಂಬಿ ರೂಪಿಸಿದವು. ಒಂದು ಕಾಲೇ ಓಟವನ್ನೂ ಚಿಮ್ಮುವಿಕೆಯನ್ನೂ ಹೊರಬೇಕಾದಾಗ ಎಷ್ಟು ಹೆಜ್ಜೆ ಓಡಬೇಕು, ವಾರಕ್ಕೆ ಎಷ್ಟು ಜಿಗಿಯಬೇಕು, ಆ ಒಂದು ಕಾಲನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗಿರೀಶ ಪಟ್ಟಿ ದಾಟಿದ್ದು ಹಳೆಯ ಸಿಸರ್ಸ್ ಶೈಲಿಯಲ್ಲಿ. ಫಿಜಿಯ ಇಲಿಯೆಸಾ ಡೆಲಾನಾ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು ಜಿಗಿದರು. ಇಬ್ಬರೂ 1.74 ಮೀಟರ್ ದಾಟಿದರು. ವಿಫಲ ಯತ್ನಗಳ ಎಣಿಕೆಯಲ್ಲಿ ಡೆಲಾನಾಗೆ ಚಿನ್ನ, ಗಿರೀಶಗೆ ಬೆಳ್ಳಿ. ಒಲಿಂಪಿಕ್ಸ್‌ನಲ್ಲಿ ಯಾವತ್ತೋ ಮೂಲೆಗುಂಪಾದ ಶೈಲಿ ಇಲ್ಲಿ ಪದಕ ತಂದಿತು.

ಗಿರೀಶ ಅವರೊಂದಿಗಿದ್ದ ಬೆಂಗಳೂರಿನ ಕೋಚ್ ಸತ್ಯನಾರಾಯಣ ಮರುವರ್ಷ ರಾಷ್ಟ್ರೀಯ ಕೂಟವೊಂದರಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯ ಹುಡುಗನನ್ನು ಕಂಡರು. ಐದು ವರ್ಷದವನಿದ್ದಾಗ ಬಸ್ಸು ಹರಿದು ಮಾರಿಯಪ್ಪನ್ ತಂಗವೇಲು ಅವರ ಬಲಗಾಲು ಮಂಡಿಯ ಕೆಳಗೆ ಜಜ್ಜಿಹೋಗಿತ್ತು. 2015ರಲ್ಲಿ ಅವರನ್ನು ಬೆಂಗಳೂರಿಗೆ ಕರೆತಂದು ತರಬೇತಿ ಆರಂಭಿಸಲಾಯಿತು. ಮರುವರ್ಷ ರಿಯೊದಲ್ಲಿ 1.89 ಮೀಟರ್ ಜಿಗಿದು ಮಾರಿಯಪ್ಪನ್ ಚಿನ್ನ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಎಲ್ಲ ಸಿದ್ಧತೆಯೂ ಆಗಿತ್ತು. ಫೈನಲ್ ದಿನ ಸಂಜೆ ಮಳೆ ಹಿಡಿಯಿತು. ಊನವಾದ ಪಾದಕ್ಕೆ ಹಾಕಿಕೊಂಡಿದ್ದ ಕಾಲುಚೀಲ ನೆನೆದು ನೆಲಕ್ಕೆ ಅಂಟತೊಡಗಿತು. ಮೇಲೇಳುವುದೇ ಕಷ್ಟವಾಯಿತೆಂದು ಅವರು ಆಮೇಲೆ ಹೇಳಿದರು. 1.86 ಮೀಟರ್‌ಗೆ ಬೆಳ್ಳಿ ಬಂತು. ಚಿನ್ನ ಗೆದ್ದ ಅಮೆರಿಕದ ಸ್ಯಾಮ್ ಗ್ರೂ ಜಿಗಿದದ್ದು 1.88. ಮೂರು ವರ್ಷದ ಬಳಿಕ ಪ್ಯಾರಿಸ್‌ನಲ್ಲಿ ಮಾರಿಯಪ್ಪನ್ ಮತ್ತೆ ಪಟ್ಟಿಯೆದುರು ನಿಂತು 1.85 ಮೀಟರ್ ಜಿಗಿದು ಕಂಚು ಪಡೆದರು.